ಮುರಿಯದ ಸೇತುವೆಯ ವಿಷಯವಾಗಿ

ಓದುಗರ ಗಮನಕ್ಕೆ ಮೊದಲೇ ತರಬಯಸುವುದೇನೆಂದರೆ, ನಾನು ಇದುವರೆಗೆ ಕಚೇರಿಯ ಪತ್ರಗಳ ಹೊರತು ಬೇರೇನನ್ನೂ ಬರೆದವಳಲ್ಲ. ಹುಕ್ಕೇರಿಯ ಒಂದು ಸರಕಾರಿ ಕಚೇರಿಯಲ್ಲಿ ದ್ವಿತೀಯ ದರ್ಜೆ ಸಹಾಯಕಿಯಾಗಿದ್ದು, ದಿನವಿಡೀ ‘ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಆರಂಭಿಸಿ ‘ಮುಂದಿನ ಸೂಕ್ತ ಕ್ರಮಕ್ಕಾಗಿ’ ಎಂದು ಮುಗಿಸುವ ಕೈ ನನ್ನದು. ಬೇರೆ ರೀತಿಯಲ್ಲಿ ಬರೆಯಲು ಯತ್ನಿಸಿ ಹಲವು ಹಾಳೆಗಳನ್ನು ಹರಿದು ಹಾಕಿದೆ. ಆದಕಾರಣ ಬರುವ ರೀತಿಯಲ್ಲಿಯೇ ಬರೆಯುತ್ತಿದ್ದೇನೆ. ನಾನು ಹತ್ತನೆಯ ತರಗತಿಯಲ್ಲಿದ್ದಾಗ ಐಸ್‌ಕ್ರೀಮ್ ಕಡ್ಡಿಗಳಿಂದ ಕಟ್ಟಿದ ಒಂದು ಸೇತುವೆ ಮತ್ತು ಅದನ್ನು ಯಾರೂ ಮುರಿಯದೇ ಬಿಟ್ಟದ್ದು, ಇದೇ ಇಲ್ಲಿನ ವಿಷಯ.

ನಮ್ಮ ಊರು ಮೂಡಲಗಿಗೆ ಹತ್ತಿರ. ಆಗ ಮೂಡಲಗಿ ಪ್ರತ್ಯೇಕ ತಾಲೂಕು ಆಗಿರಲಿಲ್ಲ. ಎಲ್ಲದಕ್ಕೂ ಗೋಕಾಕಕ್ಕೇ ಹೋಗಬೇಕಾಗಿತ್ತು. ನಮ್ಮ ತಂದೆಯವರು ನಾನು ತೀರ ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದರಿಂದ ಮನೆಯ ಹಿರೇತನ ಅವರ ತಮ್ಮನಾದ ಕಾಕಾನದಾಗಿತ್ತು. ಅವ್ವ ಪಡಸಾಲೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಊರಿನ ಹೆಂಗಸರ ಕುಪ್ಪಸ ಹೊಲಿಯುತ್ತಿದ್ದಳು. ಕಾಕಾನ ಬಳಿ ಒಂದು ಟ್ರ್ಯಾಕ್ಟರ್ ಇತ್ತು. ಕಬ್ಬಿನ ಹಂಗಾಮಿನಲ್ಲಿ ಕಾರ್ಖಾನೆಗೆ ಕಬ್ಬು, ಉಳಿದ ಕಾಲದಲ್ಲಿ ಖಡಿ, ಅಂದರೆ ಜಲ್ಲಿಕಲ್ಲು, ಮತ್ತು ಉಸುಕು ಹೇರುತ್ತಿದ್ದರು. ಆ ವರ್ಷ ನಮ್ಮ ರಸ್ತೆಯ ಹಳ್ಳಕ್ಕೆ ಹೊಸ ಸೇತುವೆ ಕಟ್ಟುವ ಕೆಲಸ ನಡೆದಿತ್ತು. ಸದರಿ ಕೆಲಸದ ಗುತ್ತಿಗೆದಾರರಿಗೆ ಖಡಿ ಸಾಗಿಸುವ ಬಾಡಿಗೆ ಕಾಕಾನಿಗೆ ದೊರೆತಿತ್ತು. ಇದನ್ನು ಇಲ್ಲಿಯೇ ಹೇಳಿಬಿಡುವುದು ಯೋಗ್ಯ, ಮುಂದೆ ಬೇಕಾಗುತ್ತದೆ.

ಆ ಸೇತುವೆ ಏಳುವುದನ್ನು ನಾನು ಶಾಲೆಗೆ ಹೋಗುವಾಗ ಮತ್ತು ಬರುವಾಗ ನಿಂತು ನೋಡುತ್ತಿದ್ದೆ. ಏನೂ ಇಲ್ಲದ ಗಾಳಿಯಲ್ಲಿ ದಾರಿ ಹುಟ್ಟುವುದು ನನಗೆ ದೊಡ್ಡ ಸಂಗತಿಯಾಗಿ ಕಂಡಿತ್ತು. ನಮ್ಮ ವಿಜ್ಞಾನದ ಶಿಕ್ಷಕರು ಬೆಳಗಾವಿಯಲ್ಲಿ ಸಿವಿಲ್ ಡಿಪ್ಲೊಮಾ ಇದೆ, ಹತ್ತನೆಯ ತರಗತಿ ಮುಗಿದೊಡನೆ ಸೇರಬಹುದು, ಹುಡುಗಿಯರಿಗೆ ವಸತಿನಿಲಯವೂ ಇದೆ ಎಂದು ತಿಳಿಸಿದಂದಿನಿಂದ ನನಗೆ ಬೇರೆ ಯಾವ ಆಸೆಯೂ ಉಳಿಯಲಿಲ್ಲ. ಒಂದು ಮುಂಜಾನೆ ಕಾಕಾ ಟ್ರ್ಯಾಕ್ಟರ್ ತೊಳೆಯುತ್ತಿರುವಾಗ ಈ ಬಗ್ಗೆ ಅವರಲ್ಲಿ ನಿವೇದಿಸಿಕೊಂಡೆ.

“ಸಿವಿಲ್ ಅಂದ್ರ ಗೌಂಡ್ಯಾರ ಕೆಲಸ ಹೌದಲ್ಲೊ?” ಎಂದರು ಕಾಕಾ.

“ರಸ್ತಾ, ಸೇತುವಿ ಕಟ್ಟೂದು ಕಾಕಾ.”

“ರಸ್ತಾದ ಮ್ಯಾಲ ಹೆಣ್ಣಮಕ್ಕಳು ಬುಟ್ಟಿ ಹೊರೂದನ್ನ ನಾ ದಿನಾ ನೋಡ್ತೇನಿ. ಅಷ್ಟಕ್ಕ ಬೆಳಗಾವಿಗೆ ಯಾಕ ಹೋಗಬೇಕವಾ? ನಾಳೆ ಬಾ, ಖಡಿ ತುಂಬಾಕ ಹಚ್ಚತೇನಿ.”

ಅವ್ವ ಯಂತ್ರದಿಂದ ತಲೆ ಎತ್ತದೆಯೇ ಒಳಗಿನಿಂದ ಹೇಳಿದಳು: “ತಮ್ಮಾ, ಗೋಕಾಕದಾಗ ಸಾಲಿ ಹುಡುಗರಿಗೆ ಸೇತುವಿ ಕಟ್ಟೂ ಸ್ಪರ್ಧಾ ಐತೆಂತ. ಇವರ ಸರ್ ಇಕಿ ಹೆಸರ ಕೊಟ್ಟಾರ. ಅದನ್ನರ ನೋಡು. ಕೈಯಾಗ ಏನೈತಿ ತಿಳೀತೈತಿ.”

ಕಾಕಾ ಗಾಲಿಗೆ ನೀರು ಎರಚಿ ನಕ್ಕರು. “ಆತು ವೈನಿ. ಮೊದಲನೇ ನಂಬರ್ ತಗೊಂಡ ಬರ್ಲಿ. ಬೆಳಗಾವಿಗೆ ನಾನ ಇದ ಟ್ರ್ಯಾಕ್ಟರಿನ್ಯಾಗ ಬಿಟ್ಟ ಬರ್ತೇನಿ, ಬ್ಯಾಂಡ್ ಹಚ್ಚಿ. ಬರಲಿಲ್ಲಂದ್ರ ಇಲ್ಲೇ ಮೂಡಲಗ್ಯಾಗ ಆರ್ಟ್ಸ್. ಮತ್ತ ತಕರಾರ ಇರಬಾರದು.”

ಕೊಟ್ಟ ಮಾತಿಗೆ ತಪ್ಪುವವರಲ್ಲ ಎಂದು ಕಾಕಾನಿಗೆ ಊರಿನಲ್ಲಿ ಹೆಸರಿತ್ತು. ನಾನು ನಂಬಿದ್ದೂ ಅದನ್ನೇ.

ಸ್ಪರ್ಧೆಯ ನಿಯಮಗಳು ಸರಳವಾಗಿದ್ದವು. ಕಡ್ಡಿ, ಬಿಳಿ ಅಂಟು ಮತ್ತು ದಾರ, ಇಷ್ಟನ್ನೇ ಬಳಸಿ ಸೇತುವೆಯನ್ನು ಕಟ್ಟತಕ್ಕದ್ದು. ಎರಡು ಮೇಜುಗಳ ನಡುವೆ ಅದನ್ನು ಇಟ್ಟು, ನಡುಮಧ್ಯೆ ಬಕೆಟ್ ತೂಗುಹಾಕಿ, ಮುರಿಯುವವರೆಗೆ ಉಸುಕು ಸುರಿಯತಕ್ಕದ್ದು. ಯಾವ ಸೇತುವೆ ಅತಿ ಹೆಚ್ಚು ಭಾರ ಹೊತ್ತು ಮುರಿಯುತ್ತದೆಯೋ ಅದಕ್ಕೆ ಪ್ರಥಮ ಬಹುಮಾನ. ಅಂದರೆ, ಗೆಲ್ಲಬೇಕಾದರೂ ಮುರಿಯಲೇಬೇಕು. ಈ ಮಾತು ನನಗೆ ಮೊದಲು ವಿಚಿತ್ರವೆನಿಸಿತು. ಆಮೇಲೆ ಇಷ್ಟು ನ್ಯಾಯವಾದ ನಿಯಮವನ್ನು ನಾನು ಬೇರೆಲ್ಲಿಯೂ ಕಂಡಿಲ್ಲವೆಂದೇ ಅನಿಸಿತು. ಉಸುಕಿಗೆ ಯಾರ ಮುಖವೂ ಗೊತ್ತಿರುವುದಿಲ್ಲ.

ಗೋಕಾಕದ ಅಂಗಡಿಗಳಲ್ಲಿ ಹೊಸ ಕಡ್ಡಿಗಳ ಕಟ್ಟುಗಳು ದೊರೆಯುತ್ತಿದ್ದವು. ನಾವು ಕುಲ್ಫಿ ಗಾಡಿಯ ಸುತ್ತ ಬಿದ್ದ ಕಡ್ಡಿಗಳನ್ನು ಆರಿಸಿದೆವು. ನಾವು ಎಂದರೆ ನಾನು ಮತ್ತು ಒಂದೇ ಬೆಂಚಿನ ನನ್ನ ಗೆಳತಿ. ಜನ ತಿಂದು ಎಸೆದ ಕಡ್ಡಿಯನ್ನು ಹೆಕ್ಕುವುದು ನನಗೆ ನಾಚಿಕೆಯಾಗುತ್ತಿತ್ತು, ಅವಳಿಗೆ ಆಗುತ್ತಿರಲಿಲ್ಲ. ಯಾರಾದರೂ ಕುಲ್ಫಿಯನ್ನು ನಿಧಾನವಾಗಿ ತಿನ್ನುತ್ತಿದ್ದರೆ ಹೋಗಿ ಮುಂದೆಯೇ ನಿಲ್ಲುತ್ತಿದ್ದಳು. “ಲಗೂನ ತಿನ್ರಿ ಅಣ್ಣಾರ, ನಮ್ಮ ಸೇತುವಿ ನಿಮ್ಮ ಬಾಯಾಗ ಐತಿ” ಎನ್ನುತ್ತಿದ್ದಳು. ಕಡ್ಡಿಗಳನ್ನು ಕುದಿಯುವ ನೀರಿನಲ್ಲಿ ಹಾಕಿ, ಒಣಗಿಸಿ, ಸೊಟ್ಟಗಿದ್ದವನ್ನು ಬೇರ್ಪಡಿಸಿದೆವು. ಎಷ್ಟು ತೊಳೆದರೂ ಏಲಕ್ಕಿಯ ವಾಸನೆ ಹೋಗಲಿಲ್ಲ. ಇರುವೆಗಳು ಬಂದೇ ಬಂದವು. ತ್ರಿಕೋನ ಮಾಡಿದರೆ ಭಾರ ಹಂಚಿಹೋಗುತ್ತದೆ ಎಂದು ಸರ್ ಹೇಳಿಕೊಟ್ಟರು. ಅಂಟು ಒಣಗುವವರೆಗೆ ಬಟ್ಟೆ ಚಿಮಟಗಳನ್ನು ಕಚ್ಚಿಸಿಡುತ್ತಿದ್ದೆವು. ಪ್ರತಿ ಕೂಡಿಕೆಗೂ ಅವ್ವನ ಹೊಲಿಗೆ ದಾರವನ್ನು ಬಿಗಿಯಾಗಿ ಸುತ್ತಿ ಮೇಲೆ ಮತ್ತೆ ಅಂಟು ಸವರಿದೆವು. ಅವ್ವನ ಬಳಿ ಇದ್ದ ರೀಲುಗಳ ಬಣ್ಣವೇ ನಮ್ಮ ಸೇತುವೆಯ ಬಣ್ಣವಾಯಿತು. ಒಂದು ಕಡೆ ಹಸಿರು, ಒಂದು ಕಡೆ ಗುಲಾಬಿ, ಒಂದು ಕಡೆ ಅದಾವುದೋ ಕುಪ್ಪಸದ ಕಂದು. ನೋಡಲು ಚೆನ್ನಾಗಿರಲಿಲ್ಲ. ಅದನ್ನು ಈಗಲೂ ಒಪ್ಪಿಕೊಳ್ಳುತ್ತೇನೆ. ನೋಡುವುದಕ್ಕಾಗಿ ನಾವು ಕಟ್ಟಿರಲಿಲ್ಲ.

ಸೇತುವೆ ಪೂರ್ಣಗೊಂಡ ಸಮಯಕ್ಕೆ ಸರಿಯಾಗಿ ಮಹಾನವಮಿ ಬಂತು. ಆ ದಿನ ನಮ್ಮ ಕಡೆ ಖಂಡೆ ಪೂಜೆ. ದುಡಿಯುವ ಸಾಮಾನುಗಳನ್ನೆಲ್ಲ ತೊಳೆದು ಪೂಜಿಸುವುದು ಪದ್ಧತಿ. ಕಾಕಾ ಟ್ರ್ಯಾಕ್ಟರಿಗೆ ಕಬ್ಬಿನ ಗಣಿಕೆ ಕಟ್ಟಿದರು. ಅವ್ವ ಹೊಲಿಗೆ ಯಂತ್ರವನ್ನು ಒರೆಸಿ, ಕತ್ತರಿ, ಟೇಪು, ಕುಡುಗೋಲು ಎಲ್ಲವನ್ನೂ ಸಾಲಾಗಿ ಇಟ್ಟು, ಸಾಲಿನ ಕೊನೆಗೆ ನಮ್ಮ ಸೇತುವೆಯನ್ನು ತಂದಿಟ್ಟಳು. ವಿಭೂತಿಯನ್ನು ನೀರಿನಲ್ಲಿ ತೇಯ್ದು ಮೂರು ಬೆರಳಿನಿಂದ ಅದರ ಹಣೆಗೆ ಎಳೆದಳು. ಸೇತುವೆಗೆ ಹಣೆ ಯಾವುದು ಎಂದು ಅವಳು ಹೇಗೆ ನಿರ್ಧರಿಸಿದಳೋ ತಿಳಿಯದು. ನಡುವೆ ಕುಂಕುಮ, ಮೇಲೊಂದು ಚೆಂಡು ಹೂವು.

“ಇದಕ್ಯಾಕ್ರಿ ಅವ್ವಾರ?” ಎಂದು ನನ್ನ ಗೆಳತಿ ಕೇಳಿದಳು. “ಇದೇನ ಮಶೀನ?”

“ದುಡಿಯೂ ಸಾಮಾನ ಎಲ್ಲಾದಕ್ಕೂ ಹಚ್ಚಬೇಕವಾ,” ಎಂದಳು ಅವ್ವ. “ನಾಳೆ ಇದೂ ದುಡಿಯೂದೈತಿ.”

ವಿಭೂತಿ ಹಸಿ ಇದ್ದುದರಿಂದ ಕಟ್ಟಿಗೆಯೊಳಕ್ಕೆ ಇಳಿಯಿತು. ಆಮೇಲೆ ಎಷ್ಟು ಒರೆಸಿದರೂ ಮೂರು ಬಿಳಿ ಗೆರೆಗಳು ಮತ್ತು ಒಂದು ಕೆಂಪು ಕಲೆ ಉಳಿದೇಹೋದವು. ಉಳಿದರೆ ಉಳಿಯಲಿ ಎಂದುಕೊಂಡೆವು.

ದೀಪಾವಳಿ ಕಳೆದ ಮೇಲೆ ಗೋಕಾಕದ ಒಂದು ಕಾಲೇಜಿನ ಸಭಾಂಗಣದಲ್ಲಿ ಸ್ಪರ್ಧೆಯನ್ನು ಏರ್ಪಡಿಸಲಾಗಿತ್ತು. ಸರ್ ನಮ್ಮನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದರು. ಕಾಕಾನೂ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ನನಗಾಗಿ ಬಂದಿದ್ದಾರೆಂದು ಬಸ್ಸಿನಲ್ಲಿ ಸಂತೋಷಪಟ್ಟೆ. ಸಭಾಂಗಣದ ಬಾಗಿಲಲ್ಲಿದ್ದ ಬ್ಯಾನರ್ ನೋಡಿದ ಮೇಲೆ ತಿಳಿಯಿತು, ಅಂದಿನ ಮುಖ್ಯ ಅತಿಥಿಗಳು ನಮ್ಮ ಹಳ್ಳದ ಸೇತುವೆಯ ಗುತ್ತಿಗೆದಾರರು.

ಅವರು ತಡವಾಗಿ ಬಂದರು. ಸೇತುವೆ ಕಟ್ಟುವುದು ಪುಣ್ಯದ ಕೆಲಸ ಎಂದು ಭಾಷಣ ಮಾಡಿದರು. ನಂತರ ಪತ್ರಿಕೆಯ ಛಾಯಾಚಿತ್ರಕ್ಕಾಗಿ ವೇದಿಕೆಯಿಂದ ಕೆಳಗಿಳಿದು, ಉಸುಕು ಸುರಿಯುವ ಮಗ್ಗನ್ನು ತಾವೇ ಕೈಗೆ ತೆಗೆದುಕೊಂಡರು. ಮೊದಲ ಸರದಿ ಹುಕ್ಕೇರಿಯಿಂದ ಬಂದ ಹುಡುಗರದು. ಅವರ ಸೇತುವೆ ಒಳ್ಳೆಯದೇ ಇತ್ತು. ಬಕೆಟ್ ಬಹುತೇಕ ತುಂಬುವವರೆಗೆ ಅಲುಗಲಿಲ್ಲ. ಅತಿಥಿಗಳು ನಗುತ್ತಾ ಇನ್ನೊಂದು ಮಗ್ಗು ಸುರಿದರು. ಪಟ್ಟೆಂದು ಸದ್ದಾಗಿ ಕಡ್ಡಿಗಳು ಸಿಡಿದವು. ಬಕೆಟ್ ಉರುಳಿ ಉಸುಕೆಲ್ಲ ಅವರ ಬಿಳಿ ಬೂಟಿನ ಮೇಲೆ ಬಿತ್ತು. ಅದೇ ಕ್ಷಣಕ್ಕೆ ಕ್ಯಾಮೆರಾ ಮಿಂಚಿತು. ಹಿಂದಿನ ಸಾಲಿನಿಂದ ಯಾರೋ ಕೂಗಿದರು:

“ಸಾಹೇಬ್ರ, ನಮ್ಮ ಹಳ್ಳದ ಸೇತುವಿಗೂ ಇದ ಉಸುಕ ಹಾಕೀರೇನ್ರಿ?”

ಸಭೆಯೆಲ್ಲ ಹೋ ಎಂದು ನಕ್ಕಿತು. ಅತಿಥಿಗಳೂ ನಕ್ಕರು, ಹಲ್ಲಿನಲ್ಲಿ ಮಾತ್ರ. ಛಾಯಾಗ್ರಾಹಕನಿಗೆ “ಆ ಫೋಟೋ ಬ್ಯಾಡಪಾ ತಮ್ಮಾ” ಎಂದರು. ಬೂಟು ಒರೆಸಿಕೊಂಡು ಮುಂದಿನ ಮೇಜಿನ ಕಡೆ ತಿರುಗಿದರು. ಅಲ್ಲಿ ನಾವಿಬ್ಬರೂ ನಮ್ಮ ಸೇತುವೆಯನ್ನು ಹಿಡಿದು ನಿಂತಿದ್ದೆವು.

“ಇದೇನಿದು? ಇಭೂತಿ ಏನವಾ?”

“ಹೌದ್ರಿ. ಖಂಡೆ ಪೂಜಿಗೆ ಇಟ್ಟಿದ್ದಿವ್ರಿ,” ಎಂದೆ.

ಅವರ ಮುಖ ಅರಳಿತು. ಅಂಥ ನಿರಾಳವನ್ನು ನಾನು ಇತ್ತೀಚೆಗೆ ಕಚೇರಿಯಲ್ಲಿ ಮಾತ್ರ ಕಂಡಿದ್ದೇನೆ. ಕೆಲಸ ಮಾಡದಿರಲು ಒಂದು ಕಾರಣ ಸಿಕ್ಕವರ ಮುಖದಲ್ಲಿ. ಅವರು ತೀರ್ಪುಗಾರರಾಗಿದ್ದ ಪ್ರಾಧ್ಯಾಪಕರ ಕಡೆ ತಿರುಗಿ ಎಲ್ಲರಿಗೂ ಕೇಳುವಂತೆ ಹೇಳಿದರು: “ಪೂಜಿ ಮಾಡಿದ ಸೇತುವಿ ಐತಿ ಸರ್ ಇದು! ಇದಕ್ಕ ಉಸುಕ ಹೇರಿ ಮುರಸೂದೇನ್ರಿ? ನಿಮ್ಮ ಮನ್ಯಾಗ ದೇವರ ಜಗಲಿ ಮ್ಯಾಲ ಹತ್ತಿ ಕುಂಡರತೀರೇನ್ರಿ?”

ಸಭೆ ಮತ್ತೆ ನಕ್ಕಿತು. ಈ ಬಾರಿ ನಗು ಅವರ ಪಾಲಿಗೆ ಬಂದಿತ್ತು.

“ನಿಯಮ ಹಂಗ ಐತ್ರಿ ಸಾಹೇಬ್ರ…” ಎಂದರು ಪ್ರಾಧ್ಯಾಪಕರು.

“ನಿಯಮಾ ಮಾಡಿದವ್ರು ನೀವ ಹೌದಲ್ರಿ?”

ನಮ್ಮ ಸರ್ ಮುಂದೆ ಬಂದರು. “ಸಾಹೇಬ್ರ, ಅದು ಮುರೀತೈತಿ ಅಂತ ಯಾಕ ತಿಳಕೊಂತೀರಿ? ತಡೀಲಿ ಅಂತ ಕಟ್ಟ್ಯಾರ ಈ ಹುಡುಗ್ಯಾರು. ಹಾಕಿ ನೋಡ್ರಿ.”

ಅತಿಥಿಗಳು ನನ್ನ ಕಡೆ ತಿರುಗಿದರು. “ಯಾರ ಮಗಳವಾ ನೀ?” ಎಂದು ನನ್ನನ್ನು ಕೇಳಿದರು.

ನಾನು ಬಾಯಿ ತೆರೆಯುವುದರೊಳಗೆ ಗೋಡೆಯ ಬದಿಯಿಂದ ಕಾಕಾ ಕೈಮುಗಿದುಕೊಂಡು ಬಂದರು. “ನಮ್ಮ ಅಣ್ಣನ ಮಗಳ್ರಿ ಸಾಹೇಬ್ರ.”

“ಓಹೋ, ನೀನೇನಪಾ! ನಮ್ಮ ಖಡಿ ಟ್ರ್ಯಾಕ್ಟರ್! ಹೇಳು ಮತ್ತ, ನಿಮ್ಮ ಮನ್ಯಾಗ ಪೂಜಿ ಮಾಡಿದ್ದನ್ನ ಮುರಸೂಣೇನು?”

ಕಾಕಾ ನನ್ನ ಕಡೆ ನೋಡಲಿಲ್ಲ. “ಬ್ಯಾಡ್ರಿ ಸಾಹೇಬ್ರ. ನೀವು ಹೇಳೂದು ಖರೆ ಐತಿ. ಮುರಸೂದು ಛಲೋ ಅಲ್ಲ.”

“ಕಾಕಾ,” ಎಂದೆ.

“ಸುಮ್ಮನಿರು,” ಎಂದರು, ತುಟಿ ಅಲುಗಿಸದೆ.

ನಮ್ಮ ಮನೆಯಲ್ಲಿ ಪೂಜೆ ಮಾಡಿದ ಟ್ರ್ಯಾಕ್ಟರಿಗೆ ಮರುದಿನವೇ ಲೋಡು ಹೇರುತ್ತಿದ್ದರು. ಕುಂಕುಮ ಹಚ್ಚಿದ ಕುಡುಗೋಲಿನಿಂದಲೇ ಕಬ್ಬು ಕಡಿಯುತ್ತಿದ್ದರು. ಪೂಜೆ ಮಾಡುವುದೇ ದುಡಿಸುವುದಕ್ಕಾಗಿ. ಈ ಸಂಗತಿ ಕಾಕಾನಿಗೆ ಗೊತ್ತಿತ್ತು, ಗುತ್ತಿಗೆದಾರರಿಗೆ ಗೊತ್ತಿತ್ತು, ಆ ಸಭಾಂಗಣದಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಯಾರೊಬ್ಬರೂ ಹೇಳಲಿಲ್ಲ. ನಾನೂ ಹೇಳಲಿಲ್ಲವೆಂಬುದು ನಿಜ. ಆದರೆ ನನ್ನ ವಯಸ್ಸು ಆಗ ಹೇಳುವ ವಯಸ್ಸಾಗಿರಲಿಲ್ಲ. ಹೇಳುವ ವಯಸ್ಸಿನವರು ಅಲ್ಲಿ ಬಹಳ ಜನರಿದ್ದರು.

ಪ್ರಾಧ್ಯಾಪಕರು ಧ್ವನಿವರ್ಧಕದಲ್ಲಿ ಪ್ರಕಟಿಸಿದರು: ಮುಖ್ಯ ಅತಿಥಿಗಳ ಸಲಹೆಯ ಮೇರೆಗೆ ಭಾರ ಹೊರಿಸುವ ಹಂತವನ್ನು ಕೈಬಿಡಲಾಗಿದೆ, ಉಳಿದ ಸೇತುವೆಗಳನ್ನು ಅಂದ ಮತ್ತು ಅಚ್ಚುಕಟ್ಟುತನದ ಆಧಾರದ ಮೇಲೆ ಪರಿಶೀಲಿಸಲಾಗುವುದು.

ಹುಕ್ಕೇರಿಯ ಹುಡುಗರಲ್ಲೊಬ್ಬ ಮುರಿದ ಕಡ್ಡಿಗಳನ್ನು ಅಂಗೈಯಲ್ಲಿ ಹಿಡಿದು ಅವರ ಬಳಿ ಹೋದ. “ಸರ್, ನಮ್ಮದನ್ನ ಮುರದೇ ಬಿಟ್ರಲ್ರಿ. ನಮ್ಮ ಅಂದಾ ಹೆಂಗ ನೋಡ್ತೀರಿ?”

“ಅದಕ್ಕ ನಾ ಏನ್ ಮಾಡ್ಲಿಪಾ,” ಎಂದರು ಪ್ರಾಧ್ಯಾಪಕರು. ನಿಜವಾಗಿಯೂ ಅವರಿಗೆ ಏನು ಮಾಡಬೇಕೆಂದು ತಿಳಿದಿರಲಿಲ್ಲ.

ಗೋಕಾಕದ ಒಂದು ಶಾಲೆಯ ಸೇತುವೆಗೆ ಪ್ರಥಮ ಬಹುಮಾನ ಬಂತು. ಅದಕ್ಕೆ ನೀಲಿ ಬಣ್ಣ ಬಳಿದು, ಸಣ್ಣ ದೀಪಗಳ ಸರ ಹಾಕಿ, ಮೇಲೆ ಎರಡು ಆಟಿಕೆ ಬಸ್ಸುಗಳನ್ನು ನಿಲ್ಲಿಸಿದ್ದರು. ಚೆನ್ನಾಗಿತ್ತು. ಆ ಬಸ್ಸುಗಳನ್ನು ಅಂಟಿನಿಂದ ಅಂಟಿಸಿದ್ದರು. ನಮಗೆ ಸಮಾಧಾನಕರ ಬಹುಮಾನವೆಂದು ಒಂದು ಸ್ಟೀಲ್ ಡಬ್ಬಿ ಕೊಟ್ಟರು. ಕೊಡುವಾಗ ಅತಿಥಿಗಳು ಸೇತುವೆಯ ವಿಭೂತಿಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಆ ಛಾಯಾಚಿತ್ರ ಪತ್ರಿಕೆಯಲ್ಲಿ ಬಂದಿತೆಂದು ಕೇಳಿದ್ದೇನೆ. ನಾನು ನೋಡಲಿಲ್ಲ.

ಬಸ್ಸಿನಲ್ಲಿ ಊರಿಗೆ ಮರಳಿದೆವು. ಮನೆ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ನಾನು ಎರಡು ಸ್ಟೂಲುಗಳನ್ನು ಅಂಗಳಕ್ಕೆ ತಂದು, ನಡುವೆ ಸೇತುವೆ ಇಟ್ಟು, ನೀರಿನ ಬಕೆಟನ್ನು ಹಗ್ಗದಿಂದ ಕಟ್ಟಿ ಉಸುಕು ಸುರಿಯತೊಡಗಿದೆ. ಗೆಳತಿ ಸಲಿಕೆಯಿಂದ ತಂದು ಕೊಡುತ್ತಿದ್ದಳು. ಬಕೆಟ್ ತುಂಬಿತು. ಸೇತುವೆ ಸುಮ್ಮನೆ ನಿಂತಿತ್ತು. ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ ಕಾಕಾ ಕಪ್ಪು ಕೆಳಗಿಟ್ಟು ಎದ್ದು ಬಂದರು. ಟ್ರಾಲಿಯ ಕಬ್ಬಿಣದ ಸರಪಳಿ ತಂದು ಬಕೆಟಿನ ಮೇಲೆ ಸುತ್ತಿ ಹೇರಿದರು. ನಿಂತಿತ್ತು. ಕುಕ್ಕುರುಗಾಲಿನಲ್ಲಿ ಕುಳಿತು ಕೆಳಗಿನಿಂದ ನೋಡಿದರು. ದಾರ ಸುತ್ತಿದ ಒಂದೊಂದು ಕೂಡಿಕೆಯನ್ನೂ ಬೆರಳಿನಿಂದ ಮುಟ್ಟಿದರು. ಮತ್ತೆ ಹೋಗಿ ಟ್ರ್ಯಾಕ್ಟರಿನ ಹಳೆಯ ಬ್ಯಾಟರಿ ಎತ್ತಿಕೊಂಡು ಬಂದು ನಿಧಾನವಾಗಿ ಇಟ್ಟು ಕೈ ಬಿಟ್ಟರು. ಒಂದು ಸಣ್ಣ ಕಿರ್ ಎಂಬ ಸದ್ದು ಬಂದು ನಿಂತುಹೋಯಿತು. ಹಗ್ಗವೇ ಬಕೆಟಿನ ಹಿಡಿಕೆಯನ್ನು ಎಳೆದು ಸೊಟ್ಟ ಮಾಡಿತು. ಸೇತುವೆ ನಿಂತಿತ್ತು.

“ಏ, ಭಾಳ ಗಟ್ಟಿ ಐತಿ ಬಿಡವಾ!” ಎಂದರು ಕಾಕಾ. ಅವರ ಮುಖದಲ್ಲಿ ನಿಜವಾದ ಸಂತೋಷವಿತ್ತು. ಅದನ್ನು ನಾನು ಮರೆಮಾಚುವುದಿಲ್ಲ.

“ಹಂಗಾರ ಇಕಿ ಬೆಳಗಾವಿಗೆ ಹೊಂಟಂಗ ಆತಲ್ರಿ ಕಾಕಾ?” ಎಂದಳು ಗೆಳತಿ.

ಕಾಕಾ ಕೈ ಕೊಡವಿಕೊಂಡರು. “ಮೊದಲನೇ ನಂಬರ್ ಬಂತೇನು?”

“ನೀವ ಬ್ಯಾಡ ಅಂದ್ರೆಲ್ಲ!” ಎಂದೆ ನಾನು.

“ಮುರಸೂದು ಬ್ಯಾಡ ಅಂದೆ. ನಂಬರ್ ಕೊಡಬ್ಯಾಡ್ರಿ ಅಂದೆನೇನು? ಮನಿ ಅಂಗಳದಾಗ ತಡೆದ್ರ ಯಾರ ನೋಡ್ಯಾರವಾ? ಮಾತು ಅಂದ್ರ ಮಾತು.” ಆಮೇಲೆ ಒಳಗೆ ನೋಡಿ ಸ್ವಲ್ಪ ಮೆಲ್ಲಗೆ, “ವೈನಿ, ನೀವು ಆ ಇಭೂತಿ ಹಚ್ಚದಿದ್ರ ಇಷ್ಟೆಲ್ಲ ಆಗತಿರಲಿಲ್ಲ” ಎಂದರು.

ಅವ್ವ ಯಂತ್ರ ನಿಲ್ಲಿಸಿದಳು. ಹೊಲಿಯುತ್ತಿದ್ದ ದಾರವನ್ನು ಹಲ್ಲಿನಿಂದ ಕಡಿದು, ಸೂಜಿಗೆ ಮತ್ತೆ ಪೋಣಿಸಲು ಹೋಗಿ, ತೂತು ಕಾಣದೆ ಬಹಳ ಹೊತ್ತು ಹಾಗೆಯೇ ಕುಳಿತಿದ್ದಳು. ಅಂದಿನಿಂದ ಇಂದಿನವರೆಗೆ ಅವಳು ಆ ಮಾತನ್ನು ನಂಬಿಕೊಂಡಿದ್ದಾಳೆ. ಅಲ್ಲವೆಂದು ನಾನು ಎಷ್ಟು ಸಲ ತಿಳಿಹೇಳಿದರೂ ಪ್ರಯೋಜನವಾಗಿಲ್ಲ. ಗುತ್ತಿಗೆದಾರರ ಮೇಲೂ ಕಾಕಾನ ಮೇಲೂ ನನಗಿದ್ದ ಸಿಟ್ಟು ಕಾಲ ಕಳೆದಂತೆ ಸವೆದಿದೆ. ಅವ್ವನಿಗೆ ಅಂದ ಈ ಒಂದು ಮಾತಿನ ಮೇಲಿನ ಸಿಟ್ಟು ಮಾತ್ರ ಸವೆದಿಲ್ಲ.

ಪರೀಕ್ಷೆಯಲ್ಲಿ ನಾನು ಶಾಲೆಗೆ ಮೊದಲಿಗಳಾಗಿ ಉತ್ತೀರ್ಣಳಾದೆ. ಸರ್ ಮನೆಗೆ ಬಂದು ಕಾಕಾನನ್ನು ಕೇಳಿಕೊಂಡರು. ಕಾಕಾ ಅವರನ್ನು ಕುರ್ಚಿಯಲ್ಲಿ ಕೂಡಿಸಿ, ಚಹಾ ಕೊಟ್ಟು, “ಮಾತು ಆಗಿಬಿಟ್ಟೈತ್ರಿ ಸರ್” ಎಂದು ಗೌರವದಿಂದಲೇ ಹೇಳಿ ಕಳುಹಿಸಿದರು. ಗೆಳತಿ ನರ್ಸಿಂಗ್ ಓದಲು ಹೋದಳು. ನಾನು ಮೂಡಲಗಿಯಲ್ಲಿ ಆರ್ಟ್ಸ್ ಸೇರಿ, ಅಲ್ಲಿಯೇ ಪದವಿ ಮುಗಿಸಿ, ಸ್ಪರ್ಧಾತ್ಮಕ ಪರೀಕ್ಷೆ ಬರೆದು ಈಗಿನ ಹುದ್ದೆಗೆ ಬಂದೆ. ಪಗಾರವಿದೆ, ಹುಕ್ಕೇರಿಯಲ್ಲಿ ಬಾಡಿಗೆಯ ಒಂದು ಕೋಣೆಯಿದೆ. ನನಗೆ ಅನ್ಯಾಯವಾಯಿತೆಂದು ಹೇಳಿದರೆ ನಂಬುವವರು ಕಡಿಮೆ.

ವಾರಕ್ಕೊಮ್ಮೆ ಊರಿಗೆ ಹೋಗುವಾಗ ಬಸ್ಸು ಆ ಹಳ್ಳದ ಸೇತುವೆಯ ಮೇಲೆಯೇ ಹಾದುಹೋಗುತ್ತದೆ. ಸೇತುವೆ ಗಟ್ಟಿಯಾಗಿಯೇ ಇದೆ. ಹಳ್ಳ ತುಂಬಿ ಬಂದ ವರ್ಷಗಳಲ್ಲಿಯೂ ಅದಕ್ಕೆ ಏನೂ ಆಗಲಿಲ್ಲ. ಕೆಲವು ಸಲ, ಹೇಳಬಾರದ ಮಾತಾದರೂ ಹೇಳುತ್ತೇನೆ, ಅದು ಒಂದು ಕಡೆಯಾದರೂ ಬಿರುಕು ಬಿಟ್ಟಿದ್ದರೆ ನನ್ನ ಕಥೆಗೊಂದು ಅರ್ಥ ಬರುತ್ತಿತ್ತಲ್ಲ ಎಂದು ಅನಿಸಿದ್ದುಂಟು. ಅಷ್ಟು ಗಟ್ಟಿ ಸೇತುವೆ ಕಟ್ಟಿದ ಮನುಷ್ಯ ಕಡ್ಡಿಯ ಸೇತುವೆಗೆ ಏಕೆ ಅಂಜಿದನೋ ನನಗೆ ಇಂದಿಗೂ ತಿಳಿದಿಲ್ಲ. ಹಿಂದಿನ ಸಾಲಿನ ಒಂದು ನಗೆಗೆ ಅಂಜಿರಬೇಕು. ಆ ನಗೆಯ ಬೆಲೆಯನ್ನು ನನ್ನಿಂದ ವಸೂಲು ಮಾಡಿದರು.

ಕಳೆದ ಮಹಾನವಮಿಗೆ ಊರಿಗೆ ಹೋಗಿದ್ದೆ. ಕಾಕಾನ ಕಿರಿಯ ಮಗಳು ಈಗ ಹತ್ತನೆಯ ತರಗತಿಯಲ್ಲಿದ್ದಾಳೆ. ಕಾಕಾ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: “ಇಕೀನ್ನ ಬೆಳಗಾವಿಗೆ ಡಿಪ್ಲೊಮಾಕ್ಕ ಹಾಕೂದೈತಿ. ಸಿವಿಲ್. ಈಗ ಹುಡುಗ್ಯಾರಿಗೆ ಛಲೋ ಐತೆಂತ. ವಸತಿನಿಲಯಕ್ಕ ಒಂದು ಅರ್ಜಿ ನೀನ ಬರದ ಕೊಡಬೇಕು ನೋಡವಾ. ನಿನ್ನಂಗ ಬರಿಯವರು ನಮ್ಮ ಪೈಕಿ ಯಾರ ಅದಾರ?”

“ಇಕಿಗೆ ಏನರ ಮಾತು ಹಾಕೀರೇನ್ರಿ ಕಾಕಾ?” ಎಂದು ಕೇಳಿದೆ.

“ಯಾವ ಮಾತು?” ಎಂದರು. ಅವರಿಗೆ ನಿಜಕ್ಕೂ ನೆನಪಿರಲಿಲ್ಲ.

ಬರೆದುಕೊಡುವುದಾಗಿ ತಿಳಿಸಿದೆ. ಬರೆದೂ ಕೊಡುತ್ತೇನೆ, ಹುಡುಗಿಯದೇನು ತಪ್ಪು? ಪಡಸಾಲೆಯಲ್ಲಿ ಎಂದಿನಂತೆ ಸಾಮಾನುಗಳ ಸಾಲು ಇತ್ತು. ಯಂತ್ರ, ಕತ್ತರಿ, ಟೇಪು, ಕೊನೆಗೆ ಸೇತುವೆ. ವರ್ಷ ವರ್ಷ ಹಚ್ಚಿದ ವಿಭೂತಿಯಿಂದ ಅದು ಒಂದು ಕಡೆ ಪೂರ್ತಿ ಬೆಳ್ಳಗಾಗಿತ್ತು. ಹುಡುಗಿ ಅದರ ಮುಂದೆ ಮೊಣಕಾಲೂರಿ ಕುಳಿತು ತ್ರಿಕೋನಗಳೊಳಗೆ ಇಣುಕುತ್ತಿದ್ದಳು.

“ಅಕ್ಕಾ, ಇದು ಎಷ್ಟ ವಜನ ತಡೀತೈತಿ?”

“ಗೊತ್ತಿಲ್ಲ,” ಎಂದೆ.

“ಹಾಕಿ ನೋಡೂಣೇನು?” ಎಂದು ಅವಳು ಕೈ ಚಾಚಿದಳು.

“ಮುಟ್ಟಬ್ಯಾಡವಾ,” ಎಂದಳು ಅವ್ವ, ಒಳಗಿನಿಂದ ಗಾಬರಿಯಾಗಿ ಬಂದು. “ಇಭೂತಿ ಇನ್ನೂ ಹಸಿ ಐತಿ.”

ಹುಡುಗಿ ಕೈ ಹಿಂದೆಗೆದುಕೊಂಡಳು. ನಾನು ಎದ್ದು ಅವ್ವನ ಕೈಯಿಂದ ಆರತಿ ತಟ್ಟೆ ತೆಗೆದುಕೊಂಡು, ಎಲ್ಲ ಸಾಮಾನುಗಳಿಗೂ ಬೆಳಗಿ, ದುಡಿಯಲು ಬಿಡದೆ ಪೂಜೆಗಷ್ಟೇ ಇಟ್ಟ ಸೇತುವೆಯ ಮುಂದೆ ಬಂದಾಗ ಬೆಳಗದೆ ಕೆಳಗಿಟ್ಟೆ. ಅವ್ವ ನೋಡಿದಳು.